ಮಡಚುವ ವರ್ಕ್‌ಬೆಂಚ್: ಕೊಳ್ಳುವ ಮೊದಲು ತಳ್ಳಿ ನೋಡಬೇಕು

ಮಡಚುವ ವರ್ಕ್‌ಬೆಂಚ್ ಮೇಜೂ ಹೌದು, ವೈಸೂ ಹೌದು. ಅದರ ಮೇಲ್ಭಾಗದಲ್ಲಿ ಎರಡು ಉದ್ದನೆಯ ಹಲಗೆಗಳಿರುತ್ತವೆ. ಒಂದು ಚೌಕಟ್ಟಿಗೆ ಕಚ್ಚಿಕೊಂಡು ಕೂತಿರುತ್ತದೆ. ಇನ್ನೊಂದು, ಎರಡು ತುದಿಯಲ್ಲಿರುವ ಹ್ಯಾಂಡಲ್ ತಿರುಗಿಸಿದಂತೆ ಹಿಂದೆ ಮುಂದೆ ಸರಿಯುತ್ತದೆ. ನಡುವೆ ಸಿಕ್ಕ ಪಟ್ಟಿ, ಪೈಪು, ಬಾಗಿಲಿನ ಅಂಚು ಅಲ್ಲಾಡದೆ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಕಾಲು ಮಡಚಿದರೆ ಗೋಡೆಗೆ ಒರಗಿಸಿ ಇಡಬಹುದು. ಸಾಮಾನ್ಯ ಮಾದರಿಗಳ ತೂಕ 6ರಿಂದ 15 ಕೆ.ಜಿ.

ಈ ವಿನ್ಯಾಸ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ರಾನ್ ಹಿಕ್‌ಮನ್ ಅವರದು. ಲೋಟಸ್ ಎಲಾನ್ ಕಾರಿನ ವಿನ್ಯಾಸಕರೂ ಅವರೇ. 1960ರ ದಶಕದ ಆರಂಭದಲ್ಲಿ ಮನೆಯ ಕುರ್ಚಿಯ ಮೇಲೆ ಹಲಗೆ ಇಟ್ಟು ಕೊಯ್ಯುವಾಗ ಕುರ್ಚಿಯೂ ಕೊಯ್ದುಹೋಯಿತು. ಆ ನಷ್ಟದಿಂದ ಹೊಳೆದದ್ದು ಈ ಬೆಂಚು. ಇದು ಮಾರಾಟವಾಗುವ ಸರಕಲ್ಲ ಎಂದು ಕಂಪನಿಗಳು ಮೊದಮೊದಲು ತಿರಸ್ಕರಿಸಿದವು. 1970ರ ದಶಕದಲ್ಲಿ ಬ್ಲ್ಯಾಕ್ ಆಂಡ್ ಡೆಕ್ಕರ್ ಕಂಪನಿ ‘ವರ್ಕ್‌ಮೇಟ್’ ಹೆಸರಿನಲ್ಲಿ ತಯಾರಿಸತೊಡಗಿದ ಮೇಲೆ ಕೋಟಿಗಟ್ಟಲೆ ಬೆಂಚುಗಳು ಮಾರಾಟವಾದವು. ಇಂದು ಯಾವ ಹೆಸರಿನಲ್ಲಿ ಸಿಕ್ಕರೂ ಹೆಚ್ಚಿನವು ಅದೇ ಅಚ್ಚಿನವು.

ಕಲಬುರಗಿ ಸೀಮೆಯ ಬಡಿಗೇರರಿಗೆ ಹಿಡಿತದ ಈ ಕೆಲಸವನ್ನು ಪಾದವೇ ಮಾಡಿಕೊಡುತ್ತ ಬಂದಿದೆ. ನೆಲದ ಮೇಲೆ ಕೂತು, ಕಟ್ಟಿಗೆಯನ್ನು ಪಾದದಡಿ ಅದುಮಿ ಹಿಡಿದು ಬಾಚಿ, ಉಳಿ ಆಡಿಸುವುದು ವರ್ಷಗಟ್ಟಲೆ ರೂಢಿಯಿಂದ ಬರುವ ವಿದ್ಯೆ. ರೂಢಿಯಿಲ್ಲದವರು ಕೈಯಲ್ಲಿ ಡ್ರಿಲ್ ಮಷಿನ್ ಹಿಡಿದು ಅದನ್ನೇ ಅನುಕರಿಸಿದರೆ ಕಾಲಿಗೆ ಅಪಾಯ. ಮನೆಯ ಸಣ್ಣಪುಟ್ಟ ದುರಸ್ತಿಯನ್ನು ತಾವೇ ಮಾಡಿಕೊಳ್ಳುವವರಿಗೆ ಮತ್ತು ಮನೆ ಮನೆಗೆ ಹೋಗಿ ಫಿಟಿಂಗ್ ಮಾಡುವವರಿಗೆ ಬೆಂಚು ಬೇಕಾಗುವುದು ಇಲ್ಲಿಯೇ.

ಮೊದಲು ಕೆಲಸದ ಪಟ್ಟಿ

ಅಂಗಡಿಗೆ ಹೋಗುವ ಮುನ್ನ, ಬೆಂಚಿನ ಮೇಲೆ ಏನೇನು ಬರಲಿದೆ ಎಂದು ಬರೆದುಕೊಳ್ಳಬೇಕು. ಕಲಬುರಗಿ ನಗರದ ಅಪಾರ್ಟ್‌ಮೆಂಟಿನಲ್ಲಿ ಅದು ಬಹುತೇಕ ಪ್ಲೈವುಡ್ ಪಟ್ಟಿ, ಕಪಾಟಿನ ಬಾಗಿಲು, ಪರದೆಯ ಪೈಪು, ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವ ಬಾಗಿಲು. ಕೈಯಲ್ಲಿರುವುದು ಡ್ರಿಲ್, ಜಿಗ್‌ಸಾ, ಸಣ್ಣ ಕಟ್ಟರ್. ಹುಮನಾಬಾದ್ ರಸ್ತೆಯಲ್ಲಿರುವ ತಾಲ್ಲೂಕು ಕೇಂದ್ರ ಕಮಲಾಪುರ ಮತ್ತು ಸುತ್ತಲ ಹಳ್ಳಿಗಳಲ್ಲಿ ಪಟ್ಟಿ ಬೇರೆಯಾಗುತ್ತದೆ: ಕೊಡಲಿಯ ಕಾವು, ಸಲಿಕೆಯ ಹಿಡಿ, ಕುಂಟೆಯ ದಿಂಡು, ಕೂರಿಗೆಯ ಬಿಡಿಭಾಗ, ಪಂಪ್‌ಸೆಟ್ಟಿನ ಪೈಪು. ಕಟ್ಟಿಗೆಯೂ ಪ್ಲೈವುಡ್ ಅಲ್ಲ, ಗಟ್ಟಿ ಜಾಲಿ ಅಥವಾ ಬೇವು. ಕರೆಂಟು ಕೈಕೊಟ್ಟಾಗ ರಂದಾ ಮತ್ತು ಕೈಗರಗಸವೇ ಗತಿ.

ಈ ವ್ಯತ್ಯಾಸ ಮುಖ್ಯ. ಡ್ರಿಲ್ ಮಷಿನ್ ಬೆಂಚನ್ನು ಕೆಳಕ್ಕೆ ಒತ್ತುತ್ತದೆ. ಕಾಲುಗಳು ಅದನ್ನು ಸಲೀಸಾಗಿ ತಡೆಯುತ್ತವೆ. ರಂದಾ ಬೆಂಚನ್ನು ಅಡ್ಡಕ್ಕೆ ನೂಕುತ್ತದೆ. ಮಡಚುವ ಕಾಲುಗಳ ದೌರ್ಬಲ್ಯ ಇರುವುದು ಆ ಅಡ್ಡ ನೂಕಿನಲ್ಲಿ. ಕೀಲು, ರಿವೆಟ್ಟುಗಳಲ್ಲಿ ಒಂದಿಷ್ಟು ಸಡಿಲವಿದ್ದರೂ ಸಾಕು, ರಂದಾದ ಪ್ರತಿ ಹೊಡೆತಕ್ಕೂ ಬೆಂಚು ತೂಗಾಡುತ್ತದೆ, ಕೈಯ ಶಕ್ತಿಯೆಲ್ಲ ಆ ತೂಗಾಟಕ್ಕೇ ಹೋಗುತ್ತದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ 100 ಕೆ.ಜಿ., 150 ಕೆ.ಜಿ., 200 ಕೆ.ಜಿ. ಎಂಬ ಅಂಕಿಗಳು ಹೇಳುವುದು ಸಮನಾಗಿ ಹರಡಿ ಇಟ್ಟ, ಅಲ್ಲಾಡದ ಭಾರವನ್ನು ಮಾತ್ರ. ಅಡ್ಡ ನೂಕನ್ನು ಎಷ್ಟು ತಾಳುತ್ತದೆ ಎಂಬುದು ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಕಾಣಸಿಗುವುದಿಲ್ಲ. ಹೀಗಾಗಿ ಯಂತ್ರದ ಕೆಲಸಕ್ಕೆ ಹಗುರ ಬೆಂಚು ನಡೆದೀತು; ರಂದಾ ಹಿಡಿಯುವವರಿಗೆ ಭಾರದ್ದೇ ಬೇಕು, 12 ಕೆ.ಜಿ.ಗಿಂತ ಕಡಿಮೆಯದನ್ನು ನೋಡದಿರುವುದು ಒಳ್ಳೆಯದು.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಬೆಂಚನ್ನು ಪೆಟ್ಟಿಗೆಯಿಂದ ತೆಗೆಸಿ, ಪೂರ್ತಿ ಬಿಚ್ಚಿ ನಿಲ್ಲಿಸಬೇಕು. ಇದಕ್ಕೆ ಒಪ್ಪದ ಅಂಗಡಿಯಲ್ಲಿ ಕೊಳ್ಳುವ ಅಗತ್ಯವಿಲ್ಲ. ಮೊದಲು ಕಾಲುಗಳು ಲಾಕ್ ಆಗುವ ಸದ್ದು ಸ್ಪಷ್ಟವಾಗಿ ಕೇಳಬೇಕು. ಬಳಿಕ ಎರಡೂ ಅಂಗೈಯನ್ನು ಮೇಲಿನ ಹಲಗೆಯ ಒಂದು ತುದಿಗೆ ಊರಿ ಉದ್ದಕ್ಕೆ ತಳ್ಳಬೇಕು, ಆಮೇಲೆ ಅಗಲಕ್ಕೆ. ಬೆಂಚು ಇಡಿಯಾಗಿ ಜಾರಿದರೆ ಚಿಂತೆಯಿಲ್ಲ, ಅದು ನೆಲದ ನುಣುಪು. ಕಾಲು ನಿಂತಲ್ಲೇ ನಿಂತು ಮೇಲ್ಭಾಗ ಮಾತ್ರ ಓಲಾಡಿದರೆ ಅಂಥದ್ದು ಬೇಡ. ಕಾಲುಗಳು ಕೆಳಗೆ ಹೆಚ್ಚು ಅಗಲಕ್ಕೆ ಹರಡಿದ್ದಷ್ಟೂ ಓಲಾಟ ಕಡಿಮೆ.

ಒಳ್ಳೆಯ ಮಾದರಿಗಳಲ್ಲಿ ಕಾಲುಗಳ ನಡುವೆ ಕೆಳಗಡೆ ಅಗಲವಾದ ಒಂದು ಮೆಟ್ಟಿಲು ಇರುತ್ತದೆ. ಗರಗಸ ಎಳೆಯುವಾಗ ಒಂದು ಪಾದವನ್ನು ಅದರ ಮೇಲಿಟ್ಟರೆ ಮನುಷ್ಯನ ಭಾರವೂ ಬೆಂಚಿಗೆ ಸೇರಿ ಅದು ಕದಲುವುದಿಲ್ಲ. ಬಡಿಗೇರನ ಪಾದದ ಕೆಲಸ ಇಲ್ಲಿ ಮತ್ತೊಂದು ರೂಪದಲ್ಲಿ ಬಂತು ಎನ್ನಬಹುದು. ಅಗ್ಗದ ಬೆಂಚುಗಳಲ್ಲಿ ಈ ಜಾಗದಲ್ಲಿ ತೆಳ್ಳನೆಯ ಸರಳು ಮಾತ್ರ ಇರುತ್ತದೆ. ಅದು ಪಾದದ ಭಾರ ತಡೆಯುವುದಿಲ್ಲ.

ಮುಂದೆ ಹಿಡಿತ ನೋಡಬೇಕು. ಎರಡೂ ಹ್ಯಾಂಡಲ್ ಬೇರೆ ಬೇರೆಯಾಗಿ ತಿರುಗಬೇಕು. ಆಗ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣಗಿರುವ ಕೊಡಲಿಕಾವಿನಂಥ ವಸ್ತುವನ್ನು ಓರೆಯಾಗಿ ಹಿಡಿಯಲು ಬರುತ್ತದೆ. ಹಲಗೆಯ ಒಳ ಅಂಚಿನಲ್ಲಿ ‘ವಿ’ ಆಕಾರದ ಗೀರು ಇದ್ದರೆ ದುಂಡನೆಯ ಪೈಪು, ಕಾವು ಉರುಳುವುದಿಲ್ಲ. ಹಲಗೆಗಳು ಗರಿಷ್ಠ ಎಷ್ಟು ತೆರೆಯುತ್ತವೆ ಎಂಬುದನ್ನು ಟೇಪ್ ಹಿಡಿದು ಅಳೆಯಬೇಕು. ಸುಮಾರು 10 ಸೆಂ.ಮೀ. ಸಾಮಾನ್ಯ. 30–35 ಮಿ.ಮೀ. ದಪ್ಪದ ಬಾಗಿಲಿಗೆ ಇದು ಧಾರಾಳ. ಕುಂಟೆಯ ದಪ್ಪ ದಿಂಡಿಗೆ ಸಾಲದಿರಬಹುದು. ಅಂಥದ್ದನ್ನು ಹಿಡಿಯಲೆಂದೇ ಹಲಗೆಯ ಮೇಲೆ ತೂತುಗಳಿದ್ದು, ಅವುಗಳಲ್ಲಿ ನಿಲ್ಲಿಸಲು ನಾಲ್ಕು ಪ್ಲಾಸ್ಟಿಕ್ ಗೂಟಗಳನ್ನು ಕೊಟ್ಟಿರುತ್ತಾರೆ. ಗೂಟಗಳ ನಡುವೆ ವಸ್ತುವನ್ನು ಮಲಗಿಸಿ ಹ್ಯಾಂಡಲ್ ಬಿಗಿದರೆ ಇನ್ನೂ ಅಗಲದ್ದು ಹಿಡಿತಕ್ಕೆ ಬರುತ್ತದೆ. ಗೂಟಗಳು ಬೇಗ ಕಳೆದುಹೋಗುವ ಸಾಮಾನು. ಬಿಡಿಯಾಗಿ ಸಿಗುತ್ತವೆಯೇ ಎಂದು ಕೊಳ್ಳುವಾಗಲೇ ಕೇಳಿಟ್ಟುಕೊಳ್ಳಬೇಕು.

ಎತ್ತರದ ಲೆಕ್ಕ ಸುಲಭ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿಗೆ ಬರುತ್ತದೋ ಅದು ರಂದಾ, ಗರಗಸಕ್ಕೆ ಸರಿಯಾದ ಎತ್ತರ; ಹೆಚ್ಚುಕಡಿಮೆ ಆಳಿನ ಅರ್ಧ. ಐದೂವರೆ ಅಡಿಯವರಿಗೆ ಸುಮಾರು 80–84 ಸೆಂ.ಮೀ. ಡ್ರಿಲ್ ಮತ್ತು ಸೂಕ್ಷ್ಮ ಕೆಲಸಕ್ಕೆ ಇನ್ನೂ ಎತ್ತರ ಇದ್ದರೆ ಬೆನ್ನು ನೋಯುವುದಿಲ್ಲ. ಮಾರುಕಟ್ಟೆಯ ಬಹುತೇಕ ಬೆಂಚುಗಳು 75–80 ಸೆಂ.ಮೀ. ಇರುತ್ತವೆ. ಎರಡು ಎತ್ತರಕ್ಕೆ ಹೊಂದಿಸಬಹುದಾದ ಮಾದರಿಯೂ ಸಿಗುತ್ತದೆ. ತಗ್ಗಿಸಿದಾಗ ದೊಡ್ಡ ಹಲಗೆ ಕೊಯ್ಯಲು ಅನುಕೂಲ. ಆದರೆ ಹೊಂದಿಸುವ ಕೀಲು ಹೆಚ್ಚಿದಷ್ಟೂ ಓಲಾಟವೂ ಹೆಚ್ಚೀತು ಎಂಬುದು ನೆನಪಿರಲಿ.

ಬಿಸಿಲು, ಮಳೆ, ನೆಲ

ಮೇಲಿನ ಹಲಗೆ ಎಂಡಿಎಫ್, ಬಿದಿರು, ಪ್ಲೈವುಡ್, ಪ್ಲಾಸ್ಟಿಕ್ ಹೀಗೆ ಬೇರೆ ಬೇರೆ ಬಗೆಯಲ್ಲಿ ಬರುತ್ತದೆ. ಅಗ್ಗದ್ದು ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ. ನೀರು ತಾಗಿದರೆ ಅಂಚು ಉಬ್ಬಿ ಪುಡಿಯಾಗುತ್ತದೆ. ಹೊಸದಾಗಿ ತಂದ ದಿನವೇ ಅಂಚು, ತೂತುಗಳಿಗೆ ವಾರ್ನಿಶ್ ಕುಡಿಸಿದರೆ ಬಾಳಿಕೆ ಬರುತ್ತದೆ. ಬಿದಿರು, ಪ್ಲೈವುಡ್ ಹೆಚ್ಚು ಗಟ್ಟಿ. ಬೇಸಿಗೆಯಲ್ಲಿ ಇಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಹೊಸದಲ್ಲ. ಮುಂಗಾರು ಬಿತ್ತನೆಗೆ ಮೊದಲು ಕುಂಟೆ ಕೂರಿಗೆಗಳ ದುರಸ್ತಿ ನಡೆಯುವುದೂ ಅದೇ ತಿಂಗಳುಗಳಲ್ಲಿ. ಅಂಗಳದ ಬಿಸಿಲಲ್ಲೇ ಬಿಟ್ಟ ಬೆಂಚಿನ ಕಬ್ಬಿಣದ ಚೌಕಟ್ಟು ಮುಟ್ಟಲಾಗದಷ್ಟು ಕಾಯುತ್ತದೆ, ಪ್ಲಾಸ್ಟಿಕ್ ಭಾಗಗಳು ಕೆಲವೇ ವರ್ಷಗಳಲ್ಲಿ ಪೆಡಸಾಗಿ ಬಿರುಕು ಬಿಡುತ್ತವೆ. ಬೇವಿನ ನೆರಳೇ ಮೇಲು.

ನೆಲವೂ ಲೆಕ್ಕಕ್ಕೆ ಬರುತ್ತದೆ. ಈ ಭಾಗದ ಬಹಳಷ್ಟು ಮನೆಗಳಿಗೆ ಶಹಾಬಾದ್ ಕಲ್ಲಿನ ಹಾಸು. ಹಳೆಯ ಹಾಸಿನಲ್ಲಿ ಕಲ್ಲಿಂದ ಕಲ್ಲಿಗೆ ಏರುತಗ್ಗು ಇದ್ದೇ ಇರುತ್ತದೆ. ನಾಲ್ಕರಲ್ಲಿ ಒಂದು ಕಾಲು ಎದ್ದು ಕೂರುತ್ತದೆ. ಬೆಂಚಿನ ಕಾಲಿನ ಪಾದವನ್ನು ತಿರುಗಿಸಿ ಎತ್ತರ ಹೊಂದಿಸಲು ಬರುವ ಮಾದರಿಯಾದರೆ ಈ ಕಾಟವಿಲ್ಲ. ಇಲ್ಲವಾದರೆ ಸೈಕಲ್ ಟ್ಯೂಬಿನ ತುಂಡು ಮಡಿಸಿ ಕೊಡಬಹುದು, ಜಾರುವುದೂ ತಪ್ಪುತ್ತದೆ. ಹೊಲದ ಎರೆ ಮಣ್ಣಿನಲ್ಲಿ ಕಾಲು ಹೂತುಹೋಗುವುದರಿಂದ ಪ್ರತಿ ಕಾಲಿನಡಿ ಒಂದು ಕಲ್ಲಿನ ಚಪ್ಪಡಿಯ ಚೂರು ಬೇಕು.

ಸಾಗಣೆಯ ವಿಷಯದಲ್ಲಿ ಸಲಹೆ ಒಂದೇ. ಬೈಕಿನಲ್ಲಿ ಅಥವಾ ಬಸ್ಸಿನಲ್ಲಿ ಕಲಬುರಗಿಗೂ ಕಮಲಾಪುರಕ್ಕೂ ಒಯ್ಯುವವರು ಮಡಚಿದ ಬೆಂಚನ್ನು ಅಂಗಡಿಯಲ್ಲೇ ಒಂದು ಕೈಯಲ್ಲಿ ಎತ್ತಿಕೊಂಡು ಹತ್ತಿಪ್ಪತ್ತು ಹೆಜ್ಜೆ ನಡೆದು ನೋಡಬೇಕು. ಮಡಚಿದ ಕಾಲು ತಾನಾಗಿ ಬಿಚ್ಚಿಕೊಳ್ಳದಂತೆ ಕೊಕ್ಕೆ ಇದೆಯೇ ಎಂಬುದು ಆಗಲೇ ತಿಳಿಯುತ್ತದೆ.

ಬಿಲ್ಲು ಮತ್ತು ಬದಲಿ ದಾರಿ

ಇಂಥ ಬೆಂಚುಗಳಲ್ಲಿ ಆಮದಾದವೂ ಬಹಳ. 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳ ಪ್ರಕಾರ ಪೆಟ್ಟಿಗೆಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ, ಗ್ರಾಹಕರ ದೂರಿನ ಸಂಪರ್ಕ ಇರಲೇಬೇಕು. ಇವು ಇಲ್ಲದ ಪೆಟ್ಟಿಗೆಗೆ ಬಿಡಿಭಾಗ ಕೇಳಿಕೊಂಡು ಯಾರ ಹತ್ತಿರ ಹೋಗುವುದು? ಜಿಎಸ್‌ಟಿ ಬಿಲ್ಲು ಪಡೆದು, ವಾರಂಟಿ ಕಾರ್ಡಿಗೆ ಅಂಗಡಿಯ ಮೊಹರು ಹಾಕಿಸಬೇಕು. ಆನ್‌ಲೈನ್‌ನಲ್ಲಿ ತರಿಸುವವರು ವಾಪಸು ಕೊಡುವ ಅವಧಿ ಮುಗಿಯುವುದರೊಳಗೆ ಮೇಲಿನ ತಳ್ಳಾಟದ ಪರೀಕ್ಷೆ ಮಾಡಿ ಮುಗಿಸಬೇಕು.

ಎಲ್ಲರಿಗೂ ಈ ಬೆಂಚೇ ಬೇಕೆಂದಿಲ್ಲ. 8×4 ಅಡಿಯ ಪ್ಲೈವುಡ್ ಹಾಳೆ ಕೊಯ್ಯುವುದೇ ಮುಖ್ಯ ಕೆಲಸವಾದರೆ ಮಡಚುವ ಎರಡು ಸ್ಟ್ಯಾಂಡು, ಮೇಲೆ ಎರಡು ಉದ್ದ ಪಟ್ಟಿ ಹೆಚ್ಚು ಉಪಯುಕ್ತ. 18 ಮಿ.ಮೀ. ಹಾಳೆಯೇ ಮೂವತ್ತು ಕೆ.ಜಿ.ಯ ಆಸುಪಾಸು ತೂಗುತ್ತದೆ, ಅರವತ್ತು ಸೆಂ.ಮೀ. ಉದ್ದದ ಬೆಂಚಿನ ಮೇಲೆ ಅದು ನಿಲ್ಲುವುದಿಲ್ಲ. ಜಾಲಿ ದಿಂಡು ಕೆತ್ತುವುದು, ಕುಳ ಬಡಿಯುವುದು ನಿತ್ಯದ ಕೆಲಸವಾದರೆ ಮಡಚುವ ಬೆಂಚನ್ನು ಕೊಳ್ಳಲೇಬಾರದು. ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ಚೌಕ ಪೈಪಿನ ಗಟ್ಟಿ ಚೌಕಟ್ಟು ಮಾಡಿಸಿ, ದಪ್ಪ ಹಲಗೆ ಕೂರಿಸಿ, ಅಂಚಿಗೆ ಕಾರ್ಪೆಂಟರ್ ವೈಸ್ ಬಿಗಿದರೆ ಅದು ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಕೊಂಡ ಮೇಲೆ

ಬಾಗಿಲಿನ ಅಂಚಿಗೆ ರಂದಾ ಹೊಡೆಯುವಾಗ ಬಾಗಿಲನ್ನು ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿ ಹಲಗೆಗಳ ನಡುವೆ ಹಿಡಿದರೂ 7 ಅಡಿಯ ಬಾಗಿಲು ಎರಡೂ ಕಡೆ ಎರಡೂವರೆ ಅಡಿಯಷ್ಟು ಹೊರಚಾಚುತ್ತದೆ. ತುದಿಗಳ ಕೆಳಗೆ ಇಟ್ಟಿಗೆ ಪೇರಿಸಿ ಆಸರೆ ಕೊಡದಿದ್ದರೆ ಬೆಂಚು ಮಗುಚಬಹುದು. ಸುತ್ತಿಗೆಯ ಪೆಟ್ಟು ಬೀಳುವ ಕೆಲಸವನ್ನು ಹಲಗೆಯ ನಡುಮಧ್ಯದಲ್ಲಿ ಮಾಡದೆ ಕಾಲಿನ ನೇರಕ್ಕೆ ತರಬೇಕು. ಬಲ್ಬ್ ಬದಲಿಸಲು ಬೆಂಚಿನ ಮೇಲೆ ಹತ್ತುವವರೂ ಇದ್ದಾರೆ. ಹಲಗೆಗಳ ನಡುವಿನ ಸಂದು ಪಾದ ಹೊರಳಿಸುತ್ತದೆ, ಹತ್ತಬಾರದು. ಬಿಚ್ಚುವಾಗ, ಮಡಚುವಾಗ ಕೀಲಿನ ಸಂದಿಗೆ ಬೆರಳು ಸಿಗದಂತೆ ಚೌಕಟ್ಟಿನ ಹೊರಭಾಗ ಹಿಡಿಯಬೇಕು, ಮಕ್ಕಳನ್ನು ದೂರವಿಡಬೇಕು.

ಹ್ಯಾಂಡಲಿನ ಸ್ಕ್ರೂಗಳಲ್ಲಿ ಮರದ ಪುಡಿ ಸೇರಿಕೊಂಡು ತಿರುಗುವುದು ಬಿಗಿಯಾಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ ತೆಳ್ಳಗೆ ಎಣ್ಣೆ ಸವರಿದರೆ ಸಾಕು. ಗ್ರೀಸ್ ಹಚ್ಚಿದರೆ ಇನ್ನಷ್ಟು ಧೂಳು ಮೆತ್ತುತ್ತದೆ. ಮೇಲಿನ ಹಲಗೆ ಸವೆದು, ಕೊಯ್ದು ಹಾಳಾದಾಗ ಬೆಂಚನ್ನು ಎಸೆಯಬೇಕಿಲ್ಲ. ಹೆಚ್ಚಿನ ಮಾದರಿಗಳಲ್ಲಿ ಅದನ್ನು ಕೆಳಗಿನಿಂದ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಬಿಚ್ಚಿ, ಅದೇ ಅಳತೆಗೆ ಸಾಗವಾನಿ ಅಥವಾ ಒಳ್ಳೆಯ ಪ್ಲೈವುಡ್ಡಿನ ಜೋಡಿ ಕೊಯ್ಸಿ, ಹಳೆಯದನ್ನೇ ಮಾದರಿಯಾಗಿ ಮೇಲಿಟ್ಟು ತೂತು ಹೊಡೆದು ಕೂರಿಸಬಹುದು. ‘ವಿ’ ಗೀರನ್ನು ಮಾತ್ರ ಕೂರಿಸುವ ಮುನ್ನವೇ ತೆಗೆದಿರಬೇಕು, ಬಿಗಿದ ಮೇಲೆ ಅಲ್ಲಿಗೆ ಉಪಕರಣ ಹೋಗುವುದಿಲ್ಲ.