ಕಾಲಿಗೆ ಕಾವು, ಕೈಗೆ ತಂಪು

ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳು ಶುರುವಾದರೆ ಈ ಅಂಕಣಕ್ಕೆ ಬರುವ ಪತ್ರಗಳ ದನಿಯೇ ಬದಲಾಗುತ್ತದೆ. ಮೊಣಕಾಲು ನೋವು, ಎತ್ತರ ಹೆಚ್ಚಿಸುವ ಔಷಧಿ (ಅಂಥದ್ದು ಇಲ್ಲ ಎಂದು ಎಷ್ಟು ಸಲ ಬರೆದರೂ ಕೇಳುವವರು ಕೇಳುತ್ತಲೇ ಇರುತ್ತಾರೆ) ಎಲ್ಲ ಹಿಂದೆ ಸರಿದು, ಸಿಟ್ಟು, ಹೆದರಿಕೆ, ಅಳು ಮುಂದೆ ಬರುತ್ತವೆ. ಈ ಸಲದ ಐದೂ ಪತ್ರಗಳು ಬ್ಯಾಸ್ಕೆಟ್‌ಬಾಲ್ ಆಡುವ, ಆಡಿಸುವ, ನೋಡುವವರದು.

ನಾವು ಬಳ್ಳಾರಿಯ ಕಾಲೇಜೊಂದರ ತಂಡ. ನಮ್ಮೂರಲ್ಲೇ ಇನ್ನೊಂದು ಕಾಲೇಜಿದೆ, ಅವರಿಗೂ ನಮಗೂ ಮೊದಲಿನಿಂದ ಜಿದ್ದು. ಲೀಗ್‌ನಲ್ಲಿ ಅವರನ್ನು ಸೋಲಿಸುತ್ತೇವೆ, ಫೈನಲ್‌ನಲ್ಲಿ ಎರಡು ವರ್ಷದಿಂದ ನಾವೇ ಸೋತಿದ್ದೇವೆ. ಹೋದ ಸಲ ಕೊನೇ ನಿಮಿಷದಲ್ಲಿ ನನಗೆ ನಾಲ್ಕು ಫ್ರೀ ಥ್ರೋ ಸಿಕ್ಕವು, ಮೂರು ಹೊರಗೆ ಹೋದವು. ಪ್ರಾಕ್ಟೀಸ್‌ನಲ್ಲಿ ಹತ್ತಕ್ಕೆ ಎಂಟು ಹಾಕುವವನು ನಾನು. ಗೆಳೆಯರು ‘ನಿನ್ನಲ್ಲಿ ಕಿಚ್ಚಿಲ್ಲ’ ಅಂತಾರೆ. ನನಗೇನೋ ಕಿಚ್ಚು ಜಾಸ್ತಿಯಾಯಿತು ಅನ್ನಿಸುತ್ತದೆ. ಯಾರು ಸರಿ?
— ತಂಡದ ನಾಯಕ, ಬಳ್ಳಾರಿ

ನೀವು ಸರಿ. ಗೆಳೆಯರದು ಅರ್ಧ ಸರಿ, ಆ ಅರ್ಧವನ್ನೂ ಬಿಡುವಂತಿಲ್ಲ.

ಗ್ಯಾವಿನ್ ಕಿಲ್ಡಫ್ ಎಂಬ ಸಂಶೋಧಕ ಮತ್ತು ಸಂಗಡಿಗರು 2010ರಲ್ಲಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಗಳ ನಡುವಿನ ಜಿದ್ದನ್ನೇ ಅಳೆಯಲು ಕೂತರು. ಊರು ಹತ್ತಿರ, ಬಲ ಸರಿಸಮ, ಹಿಂದೆ ಆಡಿದ ಪಂದ್ಯಗಳು ಬೇಕಾದಷ್ಟು: ಈ ಮೂರೂ ಕೂಡಿದಲ್ಲಿ ಜಿದ್ದು ಬಲಿಯುತ್ತದೆ ಎಂದು ಕಂಡುಕೊಂಡರು. ಬಾಡಿಗೆ ಮನೆಯ ಗೋಡೆ ಹಂಚಿಕೊಂಡವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನನಗೆ ಹಿಡಿಸಿದ್ದು ಅದರ ಮುಂದಿನ ಮಾತು. ಜಿದ್ದಿನ ಪಂದ್ಯಗಳಲ್ಲಿ ತಂಡಗಳ ರಕ್ಷಣೆಯ ಆಟ ಬಿಗಿಯಾಗುತ್ತಿತ್ತು. ಅಂದರೆ ಬೆನ್ನಟ್ಟುವುದು, ಅಡ್ಡ ನಿಲ್ಲುವುದು, ಎಗರಿ ಚೆಂಡು ತಡೆಯುವುದು. ಇವೆಲ್ಲ ಕಾಲಿನ ಕೆಲಸ, ಮೈಮುರಿಯುವ ಕೆಲಸ. ಕಿಚ್ಚಿಗೆ ಇಲ್ಲಿ ಬೆಲೆಯಿದೆ. ನಿಮ್ಮ ಗೆಳೆಯರ ಅರ್ಧ ಸತ್ಯ ಇದೇ.

ಫ್ರೀ ಥ್ರೋ ಕಾಲಿನ ಕೆಲಸವಲ್ಲ. ಹಲಗೆಯಿಂದ 4.6 ಮೀಟರ್ ದೂರ, ರಿಂಗ್ ಇರುವುದು 3.05 ಮೀಟರ್ ಎತ್ತರದಲ್ಲಿ, ಅಡ್ಡ ಬರುವವರು ಯಾರೂ ಇಲ್ಲ, ಕೈಯಲ್ಲಿ ಐದು ಸೆಕೆಂಡ್. ಮಣಿಕಟ್ಟಿನ ಒಂದು ಮೃದು ತಿರುವು, ಬೆರಳ ತುದಿಯ ಒಂದು ತಳ್ಳು, ಅಷ್ಟೇ. ಮೈಯಲ್ಲಿ ಅಡ್ರಿನಲಿನ್ ಏರಿದಾಗ ದೊಡ್ಡ ಸ್ನಾಯುಗಳಿಗೆ ಹಬ್ಬ, ಬೆರಳ ತುದಿಗೆ ಕಷ್ಟ. ಅದರ ಮೇಲೆ ಇನ್ನೊಂದು ಉಪದ್ರವ. ‘ಇದು ಹೋದರೆ ಪಂದ್ಯವೇ ಹೋಯಿತು’ ಎಂಬ ಯೋಚನೆ ಬಂದೊಡನೆ ಮನಸ್ಸು ಕೈಯನ್ನು ಕಾವಲು ಕಾಯಲು ಶುರು ಮಾಡುತ್ತದೆ. ಮೊಣಕೈ ನೆಟ್ಟಗಿದೆಯಾ, ಬೆರಳು ಎಲ್ಲಿದೆ? ನಿಮ್ಮ ತಾಯಿ ಜೋಳದ ರೊಟ್ಟಿ ತಟ್ಟುವಾಗ ‘ಅಮ್ಮಾ, ಯಾವ ಬೆರಳು ಮೊದಲು ತಾಗ್ತದ?’ ಅಂತ ಕೇಳಿ ನೋಡಿ. ಮೂವತ್ತು ವರ್ಷ ತಟ್ಟಿದ ಕೈ ಆ ಒಂದು ರೊಟ್ಟಿಯ ಅಂಚನ್ನು ಹರಿಯುತ್ತದೆ. ಕಲಿತ ಕೈ ತಾನಾಗಿ ಮಾಡುವ ಕೆಲಸಕ್ಕೆ ಬುದ್ಧಿ ಮೇಲ್ವಿಚಾರಕನಾಗಿ ಬಂದರೆ ಹೀಗೇ ಆಗುವುದು.

ಇದು ನಿಮಗೊಬ್ಬರಿಗೇ ಆದದ್ದೆಂದು ಕೊರಗಬೇಡಿ. 1995ರ ಎನ್‌ಬಿಎ ಫೈನಲ್ಸ್‌ನ ಮೊದಲ ಪಂದ್ಯ. ಒರ್ಲಾಂಡೊ ತಂಡ ಮೂರು ಅಂಕ ಮುಂದಿತ್ತು, ಉಳಿದದ್ದು ಹತ್ತು ಸೆಕೆಂಡ್ ಚಿಲ್ಲರೆ. ಅವರ ನಿಕ್ ಆಂಡರ್ಸನ್‌ಗೆ ಎರಡು ಫ್ರೀ ಥ್ರೋ. ಎರಡೂ ತಪ್ಪಿದವು. ರಿಂಗಿಗೆ ಬಡಿದು ಬಂದ ಚೆಂಡನ್ನು ಅವನೇ ಹಿಡಿದ, ಮತ್ತೆ ಫೌಲ್ ಆಯಿತು, ಮತ್ತೆ ಎರಡು. ಅವೂ ತಪ್ಪಿದವು. ಎದುರಿನ ಹ್ಯೂಸ್ಟನ್ ತಂಡ ಮೂರಂಕದ ಎಸೆತದಿಂದ ಸಮ ಮಾಡಿ, ಹೆಚ್ಚುವರಿ ಸಮಯದಲ್ಲಿ ಗೆದ್ದು, ಸರಣಿಯನ್ನೇ 4–0 ಮಾಡಿಕೊಂಡಿತು. ಅದಕ್ಕಿಂತ ನೋವಿನದು ಆಮೇಲಿನದು. ಹತ್ತಕ್ಕೆ ಏಳರಂತೆ ಹಾಕುತ್ತಿದ್ದ ಆ ಆಟಗಾರ ಎರಡು ವರ್ಷ ಕಳೆಯುವಷ್ಟರಲ್ಲಿ ಹತ್ತಕ್ಕೆ ನಾಲ್ಕಕ್ಕೆ ಇಳಿದಿದ್ದ. ಒಂದು ರಾತ್ರಿಯ ನೆನಪು ಕೈಯಲ್ಲೇ ಮನೆ ಮಾಡಿತು. ನಿಮ್ಮ ಗೆಳೆಯರಿಗೆ ಈ ಭಾಗವನ್ನು ಓದಿ ಹೇಳಿ. ಛೇಡಿಸುವುದನ್ನು ನಿಲ್ಲಿಸಲಿ.

ಈಗ ಮಾಡಬೇಕಾದ್ದು. ತಂಪಾದ ಬೆಳಗಿನಲ್ಲಿ ಒಬ್ಬರೇ ನಿಂತು ನೂರು ಹಾಕುವುದನ್ನು ಬಿಡಿ. ಫೈನಲ್‌ನಲ್ಲಿ ನೂರು ಯಾರೂ ಕೊಡುವುದಿಲ್ಲ. ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ಓಡಿ, ಏದುಸಿರಿನಲ್ಲೇ ಬಂದು ಎರಡೇ ಎರಡು ಹಾಕಿ. ತಪ್ಪಿದರೆ ಇಡೀ ತಂಡ ಮತ್ತೆ ಓಡಬೇಕು. ಸುತ್ತ ನಿಂತವರು ಬೇಕಾದ್ದು ಕೂಗಲಿ, ತಮಟೆ ಸಿಕ್ಕರೆ ಬಾರಿಸಲಿ. ಎಸೆಯುವ ಮುನ್ನ ಪ್ರತಿ ಸಲ ಒಂದೇ ಕ್ರಮ: ಚೆಂಡು ಎರಡು ಸಲ ಪುಟಿಸಿ, ಉಸಿರು ಉದ್ದಕ್ಕೆ ಬಿಡಿ, ರಿಂಗಿನ ಹಿಂದಿನ ಅಂಚು ನೋಡಿ. ಅಂಕಫಲಕ ನೋಡಬೇಡಿ. ಅದನ್ನು ನೋಡಲು ಬೆಂಚಿನಲ್ಲಿ ಏಳು ಜನ ಕೂತಿದ್ದಾರೆ.

ನಾನು ಪಿ.ಡಿ. ಹಾಫ್‌ಟೈಮ್‌ನಲ್ಲಿ ಹಿಂದಿದ್ದರೆ ಹುಡುಗರಿಗೆ ಚೆನ್ನಾಗಿ ಬೈಯ್ತೀನಿ. ಒಂದೊಂದ್ ಸಲ ಅದರಿಂದ ಗೆದ್ದಿದ್ದೀವಿ, ಒಂದೊಂದ್ ಸಲ ಪೂರ್ತಿ ಮುಳುಗಿದ್ದೀವಿ. ಬೈಬೇಕೋ ಬ್ಯಾಡೋ?
— ದೈಹಿಕ ಶಿಕ್ಷಣ ನಿರ್ದೇಶಕರು, ಸಿರುಗುಪ್ಪ

ನಿಮ್ಮ ಪ್ರಶ್ನೆಯನ್ನೇ ಹಿಡಿದು ಬ್ಯಾರಿ ಸ್ಟಾ ಮತ್ತಿಬ್ಬರು 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪ್ರೌಢಶಾಲೆ, ಕಾಲೇಜುಗಳ 23 ಬ್ಯಾಸ್ಕೆಟ್‌ಬಾಲ್ ತಂಡಗಳ ಕೋಚ್‌ಗಳು ಹಾಫ್‌ಟೈಮ್‌ನಲ್ಲಿ ಮಾಡಿದ 304 ಭಾಷಣಗಳನ್ನು ಧ್ವನಿಮುದ್ರಿಸಿ ತೂಗಿದ್ದರು. ಒಂದು ಹದದವರೆಗೆ ಕೋಚ್‌ನ ಸಿಟ್ಟು, ಅಸಮಾಧಾನ ಹೆಚ್ಚಿದಷ್ಟೂ ದ್ವಿತೀಯಾರ್ಧ ಸುಧಾರಿಸಿತ್ತು. ಹದ ಮೀರಿ ಬೆಂಕಿಯುಗುಳಿದಲ್ಲಿ ಆಟ ಕೆಟ್ಟಿತ್ತು. ಅಂದರೆ ನೀವು ಗೆದ್ದ ದಿನವೂ ಮುಳುಗಿದ ದಿನವೂ ಒಂದೇ ಲೆಕ್ಕಕ್ಕೆ ಸೇರಿದವು.

ಹದ ಎಲ್ಲಿ ಅಂತೀರಾ? ನೀವು ಭತ್ತದ ಸೀಮೆಯವರು. ಗದ್ದೆಗೆ ನೀರು ಬೇಕು ಎನ್ನುವುದು ಸುಳ್ಳಲ್ಲ, ಹಾಗೆಂದು ಕಾಲುವೆ ಒಡೆದು ಬಿಡುವುದಿಲ್ಲ. ನನ್ನ ಅನುಭವದಲ್ಲಿ ಒಂದು ಗುರುತಿದೆ. ಬೈದ ಮೇಲೆ ಹುಡುಗ ನಿಮ್ಮ ಮುಖ ನೋಡುತ್ತಿದ್ದರೆ ಹದದಲ್ಲಿದ್ದೀರಿ. ಅವನು ನೆಲ ನೋಡತೊಡಗಿದರೆ ಆಗಲೇ ಮೀರಿದೆ. ಕೆಲಸವನ್ನು ಬಯ್ಯಿರಿ, ‘ಮೂರು ಸಲ ಬೇಸ್‌ಲೈನ್ ಬಿಟ್ಟುಕೊಟ್ಟಿದ್ದೀರಿ’ ಅನ್ನಿ. ಹುಡುಗನ ಓಣಿ, ಮನೆತನ, ಮಾರ್ಕ್ಸ್ ಕಾರ್ಡ್ ಅಲ್ಲಿಗೆ ಬರಬಾರದು. ದಿನಾ ಬೈಯುವವರ ಸಿಟ್ಟಿಗೆ ಬೆಲೆಯೂ ಇರುವುದಿಲ್ಲ. ಬಳ್ಳಾರಿ ಬಿಸಿಲಿನ ಹಾಗೆ, ಇದ್ದದ್ದೇ ಅಂತ ಟವೆಲ್ ಹೊದ್ದು ಕೂರುತ್ತಾರೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಬೈಗುಳದ ಕೊನೆಗೆ ಒಂದು ಸರಳ ಲೆಕ್ಕ ಒಪ್ಪಿಸಿ: ಟೈಮ್‌ಔಟ್ ಎಷ್ಟು ಉಳಿದಿದೆ, ಯಾರ ಮೇಲೆ ಎಷ್ಟು ಫೌಲ್ ಇದೆ. ಕಾವೇರಿದ ತಲೆ ಮೊದಲು ಮರೆಯುವುದು ಅಂಕಿಯನ್ನು. 1993ರ ಏಪ್ರಿಲ್ 5ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಅಮೆರಿಕದ ಕಾಲೇಜು ಫೈನಲ್. ಮಿಷಿಗನ್ ತಂಡ ನಾರ್ತ್ ಕೆರೊಲಿನಾ ಎದುರು 71–73ರಲ್ಲಿ ಹಿಂದಿತ್ತು. ಹನ್ನೊಂದು ಸೆಕೆಂಡ್ ಇರುವಾಗ, ಇಬ್ಬರು ಮುತ್ತಿಕೊಂಡ ಗಾಬರಿಯಲ್ಲಿ, ತಂಡದ ದೊಡ್ಡ ಆಟಗಾರ ಕ್ರಿಸ್ ವೆಬರ್ ಟೈಮ್‌ಔಟ್ ಕೇಳಿದ. ತಂಡದ ಬಳಿ ಟೈಮ್‌ಔಟ್ ಉಳಿದಿರಲಿಲ್ಲ! ಟೆಕ್ನಿಕಲ್ ಫೌಲ್ ಬಿತ್ತು, 77–71ಕ್ಕೆ ಆಟ ಮುಗಿಯಿತು. ನಮ್ಮಲ್ಲಿ ನಡೆಯುವ ಫಿಬಾ ನಿಯಮದಲ್ಲಿ ದ್ವಿತೀಯಾರ್ಧಕ್ಕೆ ಮೂರು ಟೈಮ್‌ಔಟ್, ಕೊನೆಯ ಎರಡು ನಿಮಿಷದಲ್ಲಿ ಎರಡಕ್ಕಿಂತ ಹೆಚ್ಚಿಲ್ಲ, ಕೇಳಬೇಕಾದವರೂ ಬೆಂಚಿನಲ್ಲಿರುವ ನೀವೇ. ಆದ್ದರಿಂದ ಮರೆಯುವ ಸರದಿ ನಿಮ್ಮದಾದೀತು, ಜೋಕೆ.

ಪಂದ್ಯದ ದಿನ ಬೆಳಿಗ್ಗೆಯಿಂದ ಹೊಟ್ಟೆಯಲ್ಲಿ ತಳಮಳ, ಕೈ ಮಂಜಿನಂಗ ತಣ್ಣಗಾಗ್ತಾವ. ಕಾಲೇಜಿನಲ್ಲಿ ‘ಶಾಂತವಾಗಿರು’ ಅಂತಾರೆ, ಆಗೋದಿಲ್ಲ. ನಮ್ಮ ತಂಡದವರು ಪ್ರತಿ ಟೂರ್ನಮೆಂಟಿಗೂ ಮೊದಲು ದೊಡ್ಡಬಸವೇಶ್ವರನಿಗೆ ಕಾಯಿ ಒಡೆಸಿಕೊಂಡೇ ಹೋಗ್ತೀವಿ. ಅದು ಮೂಢನಂಬಿಕೆ ಅಂತ ಒಬ್ಬ ಲೆಕ್ಚರರ್ ಬೈದರು.
— ಬಿ.ಎ. ವಿದ್ಯಾರ್ಥಿನಿ, ಕುರುಗೋಡು

ಕೈ ತಣ್ಣಗಾಗುವುದು ಹೇಡಿತನದ ಗುರುತಲ್ಲಮ್ಮ. ಓಡಲು ಸಜ್ಜಾದ ಮೈ ಚರ್ಮದ ರಕ್ತವನ್ನು ತೊಡೆ, ಮೀನಖಂಡಗಳ ಕಡೆಗೆ ಕಳಿಸುತ್ತಿದೆ. ಹೊಟ್ಟೆಯ ತಳಮಳವೂ ಅದೇ ಸಿದ್ಧತೆಯ ಭಾಗ. ಸೈನ್ಯ ಹೊರಡುವ ಮುಂಚಿನ ಗದ್ದಲ ಅದು.

‘ಶಾಂತವಾಗಿರು’ ಎಂಬ ಸಲಹೆ ಕೊಡುವವರಿಗೆ ಸುಲಭ, ಪಾಲಿಸುವವರಿಗೆ ಅಸಾಧ್ಯ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಇದನ್ನೇ ಪರೀಕ್ಷಿಸಿದರು. ಎಲ್ಲರೆದುರು ಹಾಡಬೇಕಾದ, ಭಾಷಣ ಮಾಡಬೇಕಾದ ಜನರಲ್ಲಿ ಕೆಲವರು ‘ನನಗೆ ಉಮೇದು ಬಂದಿದೆ’ ಎಂದು ತಮಗೆ ತಾವೇ ಹೇಳಿಕೊಂಡರು. ಹೆದರಿಕೆ ಅಡಗಿಸಲು ಹೆಣಗಿದವರಿಗಿಂತ ಅವರು ಚೆನ್ನಾಗಿ ಮಾಡಿದರು. ಎದೆಬಡಿತ ಎರಡಕ್ಕೂ ಒಂದೇ, ಹೆಸರು ಮಾತ್ರ ಬೇರೆ. ಏರಿದ ಕುದುರೆಯನ್ನು ಕಟ್ಟಿಹಾಕುವುದಕ್ಕಿಂತ ದಾರಿಗೆ ತಿರುಗಿಸುವುದು ಸುಲಭ.

ನಿಮ್ಮ ಸೀಮೆ ಬಯಲಾಟದ ಸೀಮೆ. ರಾಕ್ಷಸ ಪಾತ್ರಧಾರಿ ರಂಗಕ್ಕೆ ಬರುವುದನ್ನು ನೋಡಿರುತ್ತೀರಿ. ಕಣ್ಣು ಕೆಂಪು, ಆರ್ಭಟಕ್ಕೆ ಮುಂದೆ ಕೂತ ಮಕ್ಕಳು ಚೀರಬೇಕು. ಆದರೆ ಅವನ ಹೆಜ್ಜೆ ಮದ್ದಲೆಯನ್ನು ಒಂದು ಪೆಟ್ಟೂ ಬಿಡುವುದಿಲ್ಲ. ಆ ಆವೇಶ ಸುಳ್ಳೆಂದು ಯಾರಾದರೂ ಅಂದಾರೆಯೇ? ತಾಳಕ್ಕೆ ಕಟ್ಟಿದ ಆವೇಶ ಅದು. ನಿಮಗೂ ಒಂದು ತಾಳ ಬೇಕು.

ಅದಕ್ಕೇ ದೊಡ್ಡಬಸವಣ್ಣನ ಕಾಯಿಯನ್ನು ನಾನು ಬಿಡಿಸುವುದಿಲ್ಲ. ಆ ಭಾರಿ ನಂದಿಯ ಮುಂದೆ ತಂಡವೆಲ್ಲ ಒಟ್ಟಿಗೆ ನಿಂತಾಗ ಎದುರಾಳಿಗಳು ಯಾರೇ ಇರಲಿ, ಸ್ವಲ್ಪ ಚಿಕ್ಕವರಾಗಿ ಕಾಣುತ್ತಾರೆ, ಅದೂ ಲಾಭವೇ. ಒಂದೇ ಎಚ್ಚರ: ನಿಮ್ಮ ಧೈರ್ಯವೆಲ್ಲ ಆ ಕಾಯಿಯ ಮೇಲೇ ನಿಲ್ಲಬಾರದು. ಬಸ್ ತಡವಾಗಿ ಗುಡಿಗೆ ಹೋಗಲಾಗದ ದಿನ, ಇಲ್ಲವೇ ಕಾಯಿ ಕೊಳೆತು ಬಂದ ದಿನ, ಆಟವೂ ಕೊಳೆಯುತ್ತದೆ. ಎಲ್ಲಿ ಬೇಕಾದರೂ ಜೊತೆಗೆ ಬರುವ ಒಂದು ಕ್ರಮ ಇಟ್ಟುಕೊಳ್ಳಿ. ಬೂಟಿನ ಲೇಸ್ ಯಾವ ಕಾಲಿಗೆ ಮೊದಲು, ಹತ್ತು ಲೇ-ಅಪ್, ಗೆಳತಿಯ ಅಂಗೈಗೆ ಒಂದು ಬಡಿತ. ಕೈ ಬೆಚ್ಚಗಾಗಲು ಬಡಿತವೂ ಒಳ್ಳೆಯದು. ಲೆಕ್ಚರರ್‌ಗೆ ನನ್ನ ನಮಸ್ಕಾರ ತಿಳಿಸಿ.

ಹಳೆಯ ಆಟಗಾರ ನಾನು. ಯಾವ ಕಾಲೇಜಿನ ಅಂಗಳದಲ್ಲಿ ಪಂದ್ಯವೋ ಅವರ ಕಡೆಗೇ ರೆಫರಿ ಸೀಟಿ. ಇದು ಲಂಚವೇ?
— ನಿವೃತ್ತ ನೌಕರರು, ಬಳ್ಳಾರಿ

ಬಹಳ ಸಲ ಅಲ್ಲ, ಕಿವಿ. 2002ರಲ್ಲಿ ಇಂಗ್ಲೆಂಡಿನ ಸಂಶೋಧಕರು 40 ಮಂದಿ ಫುಟ್‌ಬಾಲ್ ರೆಫರಿಗಳಿಗೆ ಒಂದೇ ಪಂದ್ಯದ ವಿಡಿಯೊ ತೋರಿಸಿದರು, ಕೆಲವರಿಗೆ ಜನರ ಗದ್ದಲದೊಂದಿಗೆ, ಕೆಲವರಿಗೆ ಸದ್ದಿಲ್ಲದೆ. ಗದ್ದಲ ಕೇಳಿಸಿಕೊಂಡವರು ಆತಿಥೇಯ ತಂಡದ ವಿರುದ್ಧ ಶೇ 15ರಷ್ಟು ಕಡಿಮೆ ಫೌಲ್ ಕೊಟ್ಟರು. ಅವರಿಗೆ ಯಾರೂ ಚಹಾ ಕೂಡ ಕುಡಿಸಿರಲಿಲ್ಲ. ನಮ್ಮಲ್ಲಿ ಹುಡುಗರು ಗೆರೆಯ ಮೇಲೇ ಬಂದು ನಿಲ್ಲುತ್ತಾರೆ, ರೆಫರಿಯ ಕುತ್ತಿಗೆಗೆ ಅವರ ಉಸಿರು ತಾಗುತ್ತದೆ. ಜನರನ್ನು ಎರಡು ಮೀಟರ್ ಹಿಂದೆ ಸರಿಸುವುದು ಆಯೋಜಕರಿಗೆ ಖರ್ಚಿಲ್ಲದ ನ್ಯಾಯ.

ಹಾಗೆಂದು ತವರಿನ ಕೂಗನ್ನೇ ನೆಚ್ಚುವಂತಿಲ್ಲ. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ 2017ರ ಜುಲೈನಲ್ಲಿ ನಮ್ಮ ಮಹಿಳೆಯರು ಏಷ್ಯಾ ಕಪ್‌ನ ‘ಬಿ’ ವಿಭಾಗದ ಫೈನಲ್‌ನಲ್ಲಿ ಕಜಕಸ್ತಾನವನ್ನು 75–73ರಿಂದ ಸೋಲಿಸಿದರು. ಆ ಎರಡು ಅಂಕದಲ್ಲಿ ನಮ್ಮ ಜನರ ಗಂಟಲಿನ ಪಾಲೂ ಇತ್ತೆಂದು ನಂಬಲು ನನಗಿಷ್ಟ. 2019ರಲ್ಲಿ ಅದೇ ಬೆಂಗಳೂರಿನಲ್ಲಿ ಮೇಲಿನ ವಿಭಾಗದ ತಂಡಗಳ ಎದುರು ಆಡಿ ಎಂಟನೆಯವರಾದರು. ಕೂಗು ಒಂದೆರಡು ಅಂಕ ಕೊಟ್ಟೀತು, ಇಪ್ಪತ್ತಲ್ಲ.

ಎದುರಾಳಿ ಬೇಕಂತಲೇ ಮೊಣಕೈ ಹಾಕ್ತಾನೆ, ರೆಫರಿ ನೋಡಲ್ಲ, ತಿರುಗಿಸಿ ಹಾಕಿದ್ರೆ ನನಗೇ ಫೌಲ್. ಏನ್ ಮಾಡ್ಲಿ?
— ಆಟಗಾರ, ಸಿರುಗುಪ್ಪ

ಎರಡನೇ ಏಟು ಯಾವಾಗಲೂ ಕಾಣುತ್ತದೆ, ಮೊದಲನೆಯದು ಅಪರೂಪಕ್ಕೆ. ಅವನಿಗೆ ಬೇಕಾದ್ದೂ ಅದೇ. ಕ್ರೀಡಾಸ್ಫೂರ್ತಿ ಮೀರಿದ ಫೌಲ್ ಬಿದ್ದರೆ ಅವರಿಗೆ ಎರಡು ಫ್ರೀ ಥ್ರೋ, ಮೇಲೆ ಚೆಂಡೂ ಅವರದೇ. ಅಂಥ ಎರಡಾದರೆ ನೀವು ಹೊರಗೆ. ಒಂದು ಏಟಿನ ಸಮಾಧಾನಕ್ಕೆ ಇಷ್ಟು ಬೆಲೆ ದುಬಾರಿ.

ನಾಯಕನ ಮೂಲಕ ರೆಫರಿಗೆ ಒಂದೇ ಸಲ, ಮೆಲ್ಲಗೆ, ಅಂಕೆಯ ಸಮೇತ ಹೇಳಿಸಿ: ‘ಸರ್, ಎಂಟನೇ ನಂಬರ್ ಮೊಣಕೈ ನೋಡ್ರಿ’. ಆಮೇಲೆ ರೆಫರಿಯ ಕಣ್ಣು ಅವನನ್ನು ಬಿಡುವುದಿಲ್ಲ. ಉಳಿದ ಸಿಟ್ಟನ್ನು ರಿಬೌಂಡಿಗೆ ಎಗರಲು ಬಳಸಿ, ಮೊದಲ ಪತ್ರದ ಉತ್ತರ ನಿಮಗೂ ಸೇರಿದ್ದು.

ಪಂದ್ಯ ಸೋತರೆ ಬಸ್ಸಿನಲ್ಲಿ ಆ ಎಂಟನೇ ನಂಬರಿನ ಮಾತೆತ್ತಬೇಡಿ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ದಾರಿ ಉದ್ದ, ಒಬ್ಬ ಶುರು ಮಾಡಿದರೆ ಊರು ಬರುವಷ್ಟರಲ್ಲಿ ಹನ್ನೆರಡು ಜನರೂ ಮುಂದಿನ ವರ್ಷದ ಜಗಳಕ್ಕೆ ತಯಾರಾಗಿರುತ್ತಾರೆ. ಹೊರಡುವ ಮೊದಲು ಬಸ್ ಸ್ಟ್ಯಾಂಡ್ ಹತ್ತಿರ ಒಗ್ಗರಣಿ, ಬಿಸಿ ಮಿರ್ಚಿ ತಿನ್ನಿರಿ. ಹೊಟ್ಟೆ ಖಾಲಿಯಿದ್ದಾಗ ಯಾವ ಪಂದ್ಯದ ವಿಮರ್ಶೆಯೂ ನೆಟ್ಟಗಾದದ್ದನ್ನು ನಾನು ಕಂಡಿಲ್ಲ. ದುಡ್ಡನ್ನು ಪಿ.ಡಿ. ಸರ್ ಕೊಡಲಿ, ಹಾಫ್‌ಟೈಮ್‌ನಲ್ಲಿ ಬೈದವರು ಅವರೇ ತಾನೆ?