ಹಳೆಯ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್: ಅನುಮೋದನೆಗೆ ಮುನ್ನ ತಿಳಿಯತಕ್ಕ ಅಂಶಗಳು

ಕಚೇರಿಯ ಅಥವಾ ಗ್ರಂಥಾಲಯದ ಕಂಪ್ಯೂಟರ್ ನಿಧಾನವಾಯಿತೆಂಬ ಕಾರಣಕ್ಕೆ ಗ್ರಾಫಿಕ್ಸ್ ಕಾರ್ಡ್ ಖರೀದಿಯ ಪ್ರಸ್ತಾವನೆಯು ಸಾಮಾನ್ಯ ಸಭೆಯ ಮುಂದೆ ಬರುವುದುಂಟು. ದರಪಟ್ಟಿಯಲ್ಲಿ ಕಾರ್ಡಿನ ಹೆಸರು, ಬೆಲೆ ಇರುತ್ತವೆ. ಅದನ್ನು ಕೂರಿಸಬೇಕಾದ ಮದರ್‌ಬೋರ್ಡಿನ ಪ್ರಸ್ತಾಪವೇ ಇರುವುದಿಲ್ಲ. ಕಾರ್ಡ್ ಬಂದ ಮೇಲೂ ಪರದೆ ಕಪ್ಪಾಗಿಯೇ ಉಳಿದರೆ ಲೆಕ್ಕಪರಿಶೋಧನೆಯಲ್ಲಿ ಉತ್ತರಿಸಬೇಕಾದುದು ಪಂಚಾಯಿತಿ.

ಸ್ಲಾಟಿನ ವಿಷಯದಲ್ಲಿ ತೊಡಕು ಕಡಿಮೆ. ಪಿಸಿಐ ಎಕ್ಸ್‌ಪ್ರೆಸ್‌ನ ಹೊಸ ಆವೃತ್ತಿಯ ಕಾರ್ಡ್ ಹಳೆಯ ಆವೃತ್ತಿಯ ಸ್ಲಾಟಿನಲ್ಲಿಯೂ ಕೂರುತ್ತದೆ, ವೇಗ ಮಾತ್ರ ಸ್ಲಾಟಿಗೆ ತಕ್ಕಂತೆ ಇಳಿಯುತ್ತದೆ. ಉದಾಹರಣೆಗೆ, ರೇಡಿಯಾನ್ ಆರ್‌ಎಕ್ಸ್ 6400 ಕಾರ್ಡಿಗೆ ದತ್ತಾಂಶದ ಪಥಗಳು ನಾಲ್ಕೇ. 4.0 ಆವೃತ್ತಿಯಲ್ಲಿ ಸೆಕೆಂಡಿಗೆ ಸುಮಾರು 8 ಗಿಗಾಬೈಟ್ ಸಾಗಿಸುವ ಈ ಪಥಗಳು 3.0ರಲ್ಲಿ 4, 2.0ರಲ್ಲಿ 2 ಗಿಗಾಬೈಟ್ ಮಾತ್ರ ಸಾಗಿಸುತ್ತವೆ. ಇನ್ನೂ ಹಿಂದಿನ ಎಜಿಪಿ ಸ್ಲಾಟಿನಲ್ಲಿ ಇಂದಿನ ಕಾರ್ಡ್ ಕೂರುವುದೇ ಇಲ್ಲ.

ನಿಜವಾದ ತೊಡಕು ಬಯಾಸ್‌ನಲ್ಲಿದೆ. ಹಳೆಯ ಬೋರ್ಡುಗಳು ಹಳೆಯ ಮಾದರಿಯ ಬಯಾಸ್‌ನಿಂದ ಚಾಲನೆಗೊಳ್ಳುತ್ತವೆ. ಹೊಸ ಕಾರ್ಡುಗಳಲ್ಲಿ ಕೆಲವು ಯುಇಎಫ್‌ಐ ವ್ಯವಸ್ಥೆಯನ್ನು ಮಾತ್ರ ಬಲ್ಲವು. ಇವೆರಡೂ ಸೇರಿದಾಗ ಫ್ಯಾನ್ ತಿರುಗುತ್ತದೆ, ಚಿತ್ರ ಮೂಡುವುದಿಲ್ಲ. ಬೋರ್ಡ್ ಕೆಟ್ಟಿದೆಯೆಂದು ಮಾರಾಟಗಾರನೂ ಕಾರ್ಡ್ ಕೆಟ್ಟಿದೆಯೆಂದು ಕಚೇರಿಯವರೂ ವಾದಿಸಬಹುದು. ವಾಸ್ತವದಲ್ಲಿ ಎರಡೂ ಸರಿಯಾಗಿಯೇ ಇರುತ್ತವೆ. ಬೋರ್ಡಿನ ತಯಾರಕರು ಬಯಾಸ್ ಪರಿಷ್ಕರಣೆ ನೀಡಿದ್ದರೆ ಪರಿಹಾರ ದೊರೆಯಬಹುದು, ಇಲ್ಲದಿದ್ದರೆ ಬೇರೆ ಕಾರ್ಡೇ ಗತಿ. ಇಂಟೆಲ್‌ನ ಆರ್ಕ್ ಕಾರ್ಡುಗಳಂತೂ ಬೋರ್ಡಿನಲ್ಲಿ ರೀಸೈಜಬಲ್ ಬಾರ್ ಎಂಬ ಸೌಲಭ್ಯವಿಲ್ಲದಿದ್ದರೆ ಪೂರ್ಣ ಸಾಮರ್ಥ್ಯ ತೋರುವುದಿಲ್ಲ.

ವಿದ್ಯುತ್ತಿನ ಲೆಕ್ಕವನ್ನೂ ನೋಡತಕ್ಕದ್ದು. ಸ್ಲಾಟಿನಿಂದ ಕಾರ್ಡಿಗೆ ದೊರೆಯುವುದು ಗರಿಷ್ಠ 75 ವ್ಯಾಟ್. ಅದಕ್ಕೂ ಹೆಚ್ಚು ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ತಂತಿ ಬೇಕು. ಕಚೇರಿ ಬಳಕೆಯ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಆ ತಂತಿ ಅನೇಕ ವೇಳೆ ಇರುವುದೇ ಇಲ್ಲ. ಕ್ಯಾಬಿನೆಟ್ ಕಿರಿದಾಗಿದ್ದರೆ ಅರ್ಧ ಎತ್ತರದ ಕಾರ್ಡೇ ಆಗಬೇಕು.

ಇಷ್ಟೆಲ್ಲ ಹೊಂದಿಕೆಯಾದರೂ ಕಾರ್ಡಿನ ಅಗತ್ಯವಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಪಂಚತಂತ್ರ, ಇ-ಸ್ವತ್ತು ಮುಂತಾದ ತಂತ್ರಾಂಶಗಳ ಕೆಲಸ ಬ್ರೌಸರಿನಲ್ಲಿ ನಡೆಯುವಂಥದು. ಅಲ್ಲಿನ ನಿಧಾನಕ್ಕೆ ಸಾಮಾನ್ಯವಾಗಿ ಹಳೆಯ ಹಾರ್ಡ್ ಡಿಸ್ಕ್, ಕಡಿಮೆ ರ್‍ಯಾಮ್ ಅಥವಾ ಇಂಟರ್‌ನೆಟ್ ಸಂಪರ್ಕ ಕಾರಣ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಅಳವಡಿಸಿದರೆ ಆಗುವ ಪ್ರಯೋಜನವು ಇಲ್ಲಿ ಗ್ರಾಫಿಕ್ಸ್ ಕಾರ್ಡಿನಿಂದ ಆಗದು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಮತ್ತು ಹೊಸ ಪ್ರೊಸೆಸರಿನ ಕೊರತೆಯನ್ನು ಯಾವ ಕಾರ್ಡೂ ತುಂಬದು. ಬೋರ್ಡಿನ ಚಿತ್ರ ಹೊರಡುವ ಕಿಂಡಿ ಸುಟ್ಟುಹೋಗಿದ್ದರೆ ಅಥವಾ ಎರಡನೆಯ ಮಾನಿಟರ್ ಜೋಡಿಸಬೇಕಿದ್ದರೆ ಮಾತ್ರ ಸಣ್ಣ ಕಾರ್ಡೊಂದನ್ನು ಪರಿಗಣಿಸಬಹುದು.

ಹಾಗೆ ಖರೀದಿಸುವುದಾದರೆ ಬೋರ್ಡಿನ ಮಾದರಿ, ಬಯಾಸ್ ಆವೃತ್ತಿ, ಎಸ್‌ಎಂಪಿಎಸ್‌ನ ವ್ಯಾಟ್, ಕ್ಯಾಬಿನೆಟ್ಟಿನ ಅಳತೆ ಇವಿಷ್ಟನ್ನು ದರಪಟ್ಟಿ ಕೋರುವ ಪತ್ರದಲ್ಲಿಯೇ ನಮೂದಿಸತಕ್ಕದ್ದು. ಮಾರಾಟಗಾರನು ಪಂಚಾಯಿತಿಯ ಕಂಪ್ಯೂಟರಿನಲ್ಲಿಯೇ ಕಾರ್ಡನ್ನು ಅಳವಡಿಸಿ, ಪರದೆಯಲ್ಲಿ ಚಿತ್ರ ಮೂಡಿದ್ದನ್ನು ತೋರಿಸಿದ ಬಳಿಕವೇ ಬಿಲ್ಲು ಪಾವತಿಯಾಗಬೇಕೆಂಬ ಷರತ್ತನ್ನು ಠರಾವಿನಲ್ಲಿ ಸೇರಿಸಬಹುದು.