ಇಂದಿನ ಧಮ್ಮ ಚಿಂತನೆ: ‘ಸಿಪ್ಪ’ ಮತ್ತು ಒಂದು ಜೊತೆ ಕಾಲುಚೀಲ



ಮಂಗಲ ಸುತ್ತದ 38 ಮಂಗಲಗಳಲ್ಲಿ ‘ಬಾಹುಸಚ್ಚ’ ಒಂದು. ಬಹಳ ಕಲಿತಿರುವುದು ಎಂದರ್ಥ. ಅದರ ಮಗ್ಗುಲಲ್ಲೇ ‘ಸಿಪ್ಪ’ ಇದೆ. ಸಂಸ್ಕೃತದ ‘ಶಿಲ್ಪ’ಕ್ಕೆ ಪಾಲಿ ಮಾತು ಅದು. ಕಲ್ಲಿನ ಕೆತ್ತನೆಯಷ್ಟೇ ಎಂದುಕೊಳ್ಳಬೇಡಿ, ಕೈಕಸುಬೆಲ್ಲ ಅದರಲ್ಲಿ ಬರುತ್ತದೆ.

ಬಾಬಾಸಾಹೇಬರ ಮಾತು ಕೇಳಿ ಓದನ್ನು ಗಟ್ಟಿಯಾಗಿ ಹಿಡಿದೆವು. ಸಿಪ್ಪದ ವಿಷಯ ಬಂದಾಗ ಮಾತ್ರ ನಮ್ಮ ಮನೆಗಳಲ್ಲಿ ಮೌನ. ಕಾರಣ ಗೊತ್ತಿರುವುದೇ. ನಮ್ಮವರ ಮೇಲೆ ಕಸುಬನ್ನು ಹುಟ್ಟಿನ ಜೊತೆಗೇ ಹೇರಿದ್ದರು. ನನ್ನ ತಾತ ಚಪ್ಪಲಿ ಹೊಲಿಯುತ್ತಿದ್ದರು. ಅವರ ಉಳಿ, ರಂಪಿಗೆಗಳನ್ನು ಅಪ್ಪ ನನ್ನ ಕೈಗೆ ಸಿಗದ ಹಾಗೆ ಅಟ್ಟಕ್ಕೆ ಹಾಕಿದರು. ಅವರು ಮಾಡಿದ್ದು ಸರಿ ಎಂದೇ ಈಗಲೂ ನನ್ನ ಅಭಿಪ್ರಾಯ.

ಹಾಗಾದರೆ ಕಸುಬೇ ಕೀಳೇ? 1936ರ ‘ಜಾತಿ ವಿನಾಶ’ದಲ್ಲಿ ಬಾಬಾಸಾಹೇಬರು, ಜಾತಿ ಬರೀ ಶ್ರಮದ ವಿಭಜನೆಯಲ್ಲ, ಶ್ರಮಿಕರ ವಿಭಜನೆ ಎಂದರು. ಆಯ್ಕೆಯೇ ಇಲ್ಲದಿರುವುದು ಅವರ ತಕರಾರು. ವಾಸೆಟ್ಠ ಸುತ್ತದಲ್ಲೂ ಅಷ್ಟೆ: ರೈತ ರೈತನಾಗುವುದು, ಕಸುಬುದಾರ ಕಸುಬುದಾರನಾಗುವುದು ಮಾಡುವ ಕೆಲಸದಿಂದ.

ಓದಿ ಗೊತ್ತಿದ್ದ ಇದು ಈ ಚಳಿಗಾಲದಲ್ಲಿ ಕೈಗೂ ಗೊತ್ತಾಯಿತು. ಅಪ್ಪನಿಗೆ ಸಕ್ಕರೆ ಕಾಯಿಲೆ. ಅಂಗಡಿಯ ಕಾಲುಚೀಲದ ಎಲಾಸ್ಟಿಕ್ ಕಾಲಿಗೆ ಬರೆ ಬೀಳುವಷ್ಟು ಬಿಗಿ. ಶಾಲೆಯ ಕ್ರಾಫ್ಟ್ ಟೀಚರ್ ಹತ್ತಿರ ಉಲ್ಲನ್ ಹೆಣಿಗೆ ಕಲಿಯಲು ಕುಳಿತೆ. (ಸ್ಟಾಫ್ ರೂಮಿನಲ್ಲಿ ಮೇಷ್ಟ್ರು ಸೂಜಿ ಹಿಡಿದರೆ ಎಲ್ಲರಿಗೂ ನಗು. ಕಸುಬಿಗೆ ಗಂಡು ಹೆಣ್ಣು ಎಂಬ ಮುದ್ರೆಯನ್ನೂ ಒತ್ತಿಟ್ಟಿದ್ದೇವೆ.)

ಎರಡೂ ತುದಿ ಚೂಪಾದ ಐದು ಸೂಜಿಗಳು. ನಾಲ್ಕರ ಮೇಲೆ 16ರಂತೆ 64 ಕುಣಿಕೆ ಹಾಕಿ, ಐದನೆಯದರಿಂದ ಸುತ್ತ ಹೆಣೆಯುತ್ತ ಹೋದರೆ ಕೊಳವೆಯಾಗುತ್ತದೆ. ಬಾಯಿಯ ಹತ್ತಿರ ಎರಡು ಸೀದಾ, ಎರಡು ಉಲ್ಟಾ. ಆ ಉಬ್ಬುತಗ್ಗೇ ಎಲಾಸ್ಟಿಕ್ ಇಲ್ಲದೆ ಕಾಲನ್ನು ಮೆತ್ತಗೆ ಹಿಡಿಯುತ್ತದೆ. ಕಷ್ಟ ಇರುವುದು ಹಿಮ್ಮಡಿಯಲ್ಲಿ. 32 ಕುಣಿಕೆಗಳನ್ನು ಮಾತ್ರ ಹಿಂದೆ ಮುಂದೆ ಹೆಣೆದು ಒಂದು ಪಟ್ಟಿ ಮಾಡಬೇಕು. ಆಮೇಲೆ ಸಾಲು ಮುಗಿಯುವ ಮೊದಲೇ ತಿರುಗಬೇಕು, ತಿರುಗುವಾಗೆಲ್ಲ ಎರಡು ಕುಣಿಕೆಯನ್ನು ಒಂದು ಮಾಡಬೇಕು. ಸ್ವಲ್ಪ ಹೊತ್ತು ಏನೂ ತಿಳಿಯುವುದಿಲ್ಲ. ಆಮೇಲೆ ಚಪ್ಪಟೆಯಾಗಿದ್ದದ್ದು ನೋಡನೋಡುತ್ತ ಬಟ್ಟಲಿನ ಹಾಗೆ ಬಾಗುತ್ತದೆ!

ಎಣಿಕೆಯ ಮೇಲಿಂದ ಗಮನ ಸರಿಯುವಂತಿಲ್ಲ. ಸತಿಪಟ್ಠಾನ ಸುತ್ತದಲ್ಲಿ ಉಸಿರನ್ನು ಗಮನಿಸುವವನಿಗೆ ಬುದ್ಧರು ಕೊಟ್ಟ ಉಪಮೆ ಮರ ಕಡೆಯುವವನದು, ನಮ್ಮ ಚನ್ನಪಟ್ಟಣದ ಗೊಂಬೆ ಮಾಡುವವರಂಥವನದು. ಉದ್ದಕ್ಕೆ ತಿರುಗಿಸುವಾಗ ಉದ್ದ, ಗಿಡ್ಡಕ್ಕೆ ತಿರುಗಿಸುವಾಗ ಗಿಡ್ಡ ಎಂದು ಅವನಿಗೆ ತಿಳಿದಿರುತ್ತದೆ. ಧ್ಯಾನಕ್ಕೆ ಮಾದರಿಯಾಗಿ ಕಸುಬುದಾರನ ಕೈಯನ್ನೇ ತೋರಿಸಿದರಲ್ಲ!

ಪಾದದ ಅಳತೆಗೆ ಹಾಳೆಯ ಮೇಲೆ ಅಪ್ಪನ ಕಾಲಿಡಿಸಿ ಪೆನ್ಸಿಲ್‌ನಲ್ಲಿ ಗೆರೆ ಎಳೆದೆ. ಮೇಲಿನ ಕೇರಿ ದಾಟುವಾಗ ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದ ಕಾಲು ಅದು. ಅಪ್ಪ ಬಗ್ಗಿ ನೋಡಿ, “ಬಲಗಾಲನ್ನೇ ಅಳಿಯಪ್ಪ, ಅದು ಒಂದು ನೂಲು ದೊಡ್ಡದು. ನಿಮ್ಮ ತಾತ ಹಾಳೆ ಗೀಳೆ ಇಡ್ತಿರಲಿಲ್ಲ, ಕಣ್ಣಲ್ಲೇ ಅಳೆಯೋರು” ಎಂದರು. ತಾತನ ಕೆಲಸದ ಬಗ್ಗೆ ಅವರ ಬಾಯಿಂದ ನಾನು ಕೇಳಿದ ಮೊದಲ ಮೆಚ್ಚುಗೆ ಅದು.

ಬಲಗಾಲಿನದು ಮುಗಿದಿದೆ. ಎಡಗಾಲಿನದು ಇನ್ನೂ ಹಿಮ್ಮಡಿಯ ಹತ್ತಿರ ಇದೆ. ಭಾನುವಾರ ವಂದನೆಗೆ ಬರುವಾಗ ಸೂಜಿ ಸಮೇತ ತರುತ್ತೇನೆ, ಕಲಿಯುವವರಿದ್ದರೆ ಪಕ್ಕದಲ್ಲಿ ಕುಳಿತುಕೊಳ್ಳಿ.

ಜೈಭೀಮ್